ಬೆಣ್ಣಿಯ ಚೊಚ್ಚಲ ಬಾಣಂತನ

ಕಂಪ್ಲಿಯ ಗೊಬ್ಬರದಂಗಡಿ ವಿರೂಪಾಕ್ಷಪ್ಪನಿಗೆ ಶುಗರ್ ಇರಲಿಲ್ಲ, ಬಿ.ಪಿ. ಇರಲಿಲ್ಲ. ಇದ್ದದ್ದು ಒಬ್ಬ ಷಡ್ಡಕ.

ಹೆಂಡತಿ ಚಂದ್ರಕಲಾಳ ತಂಗಿ ಸ್ಫೂರ್ತಿಯ ಗಂಡ ಹಾಲೇಶ ಹೊಸಪೇಟೆಯಲ್ಲಿ ಮನೆ ಮಾಡಿಕೊಂಡು, ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಮ್ಯಾನೇಜರಿಗಿಂತ ಒಂದು ಮೆಟ್ಟಿಲು ಕೆಳಗೆ, ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ ಇದ್ದ. ಸಾಧು ಮನುಷ್ಯ. ಯಾರಿಗೂ ಕೆಡುಕು ಬಯಸಿದವನಲ್ಲ. ವಿರೂಪಾಕ್ಷಪ್ಪನನ್ನು ಕಂಡರೆ ಬಾಯಿ ತುಂಬ ‘ಅಣ್ಣಾ’ ಎನ್ನುತ್ತಿದ್ದ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ಎಷ್ಟು ಶ್ರಮ ಬೇಕೆಂಬುದು ಪಟ್ಟವರಿಗೇ ಗೊತ್ತು. ವಿರೂಪಾಕ್ಷಪ್ಪ ಆ ಶ್ರಮಕ್ಕೆ ಎಂದೂ ಹಿಂಜರಿದವನಲ್ಲ. ಹಾಲೇಶ ಕಾರು ತಂದಾಗ ಇವನಿಗೆ ಊಟ ಸೇರಲಿಲ್ಲ. ಹಾಲೇಶನ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುವಾಗ ಇವನಿಗೆ ಎದೆಯುರಿ ಎದ್ದು ಅಂಗಡಿಯಲ್ಲೇ ಸೋಡಾ ತರಿಸಿ ಕುಡಿಯಬೇಕಾಯಿತು. ಹಾಲೇಶನ ತಲೆಗೂದಲು ಉದುರತೊಡಗಿದಾಗ ಮಾತ್ರ ಒಂದಿಷ್ಟು ನೆಮ್ಮದಿ ಸಿಕ್ಕಿತ್ತು. ಅದೂ ‘ಬೋಳ್ ತಲಿ ನಮ್ ಹಾಲೇಶಗ ಆಫೀಸರ್ ಕಳಿ ಕೊಟ್ಟೈತಿ’ ಎಂದು ಅತ್ತೆ ಎರ್ರಮ್ಮ ಹೇಳುವ ತನಕ.

ಹೌದು, ಎಲ್ಲದರ ಬುಡದಲ್ಲಿ ಇದ್ದವಳು ಅತ್ತೆ. ಸಂಡೂರಿನಲ್ಲಿ ಮಗನ ಜೊತೆ ಇರುವ ಎರ್ರಮ್ಮ ಕಂಪ್ಲಿಗೆ ಬಂದರೆ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ‘ಇರ್ರಿ ಅತ್ತಿ’ ಎಂದರೆ, ‘ನಿಮ್ಮೂರಾಗ ಸೊಳ್ಳಿ ಭಾಳ ಅಳಿಯಂದ್ರ’ ಎನ್ನುವಳು. ಹೊಸಪೇಟೆಯ ಸೊಳ್ಳೆಗಳು ಕಚ್ಚುವ ಮೊದಲು ಅಪ್ಪಣೆ ಕೇಳುತ್ತಿದ್ದವೋ ಏನೋ, ಅಲ್ಲಿ ಮಾತ್ರ ವಾರಗಟ್ಟಲೆ ಇರುತ್ತಿದ್ದಳು. ಎರಡು ವರ್ಷದ ಹಿಂದೆ ಹಾಲೇಶನ ಮನೆಯ ಪಮೇರಿಯನ್ ನಾಯಿ ರೂಬಿ ನಾಲ್ಕು ಮರಿ ಹಾಕಿದಾಗಲಂತೂ ಸಂಡೂರಿನಿಂದ ಗಂಟು ಕಟ್ಟಿಕೊಂಡು ಬಂದು ತಿಂಗಳು ಪೂರ್ತಿ ಅದರ ಬಾಣಂತನ ಮಾಡಿದಳು. ರೂಬಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ಎರ್ರಮ್ಮನ ಫೋಟೋ ಇಂದಿಗೂ ಮನೆಯವರ ವಾಟ್ಸಾಪ್ ಗುಂಪಿನ ಮುಖವಾಗಿ ಕುಳಿತಿದೆ. ಯಾರು ‘ಗುಡ್ ಮಾರ್ನಿಂಗ್’ ಕಳಿಸಿದರೂ ವಿರೂಪಾಕ್ಷಪ್ಪ ಮೊದಲು ಆ ಫೋಟೋ ನೋಡಬೇಕು, ಆಮೇಲೆ ಬೆಳಗು ನೋಡಬೇಕು.

ಆ ನಾಲ್ಕರಲ್ಲಿ ಒಂದು ಮರಿಯನ್ನು ಹಾಲೇಶ ತಾನೇ ತಂದು ಕೊಟ್ಟಿದ್ದ. ಬೆಣ್ಣೆಯ ಮುದ್ದೆಯ ಹಾಗಿದ್ದುದಕ್ಕೆ ಚಂದ್ರಕಲಾ ‘ಬೆಣ್ಣಿ’ ಎಂದು ಹೆಸರಿಟ್ಟಳು. ವಿರೂಪಾಕ್ಷಪ್ಪ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಹಾಲೇಶ ಹೋದ ಮೇಲೆ, "ಎಲ್ಲಾದಕ್ಕಿಂತ ಸಣ್ಣದು ನಮಗ ದಾಟಿಸ್ಯಾನ" ಎಂದಿದ್ದ. ಆದರೆ ಆ ಸಣ್ಣದು ಅದೇ ದಿನ ಸಂಜೆ ಅವನ ಪಾದದ ಮೇಲೆ ಗದ್ದ ಊರಿ ಮಲಗಿತು. ಅಂದಿನಿಂದ ಅಂಗಡಿಯಲ್ಲಿ ವಿರೂಪಾಕ್ಷಪ್ಪ ಯೂರಿಯಾ ಬೇಕೆಂದು ಬಂದವರಿಗೆ ಎದ್ದು ಹೋಗಿ ಕೊಡುತ್ತಿರಲಿಲ್ಲ. "ಅಲ್ಲೇ ಐತಿ, ನೀವ ಎತ್ಕೊಳ್ರಿ, ಪಾದದ ಮ್ಯಾಲ ಕೂಸು ಮಲಗೈತಿ" ಎನ್ನುತ್ತಿದ್ದ.

ಬೆಣ್ಣಿಗೆ ಎರಡು ವರ್ಷ ತುಂಬಿದ ಚಳಿಗಾಲದಲ್ಲಿ ವಿರೂಪಾಕ್ಷಪ್ಪನ ತಲೆಯಲ್ಲಿ ಜ್ಞಾನೋದಯವಾಯಿತು. ನಾಯಿ ಹೆತ್ತರೆ ಅತ್ತೆ ಬರುತ್ತಾಳೆ. ಅತ್ತೆ ಬಂದರೆ ತಿಂಗಳು ಇರುತ್ತಾಳೆ. ತಿಂಗಳು ಇದ್ದರೆ ಫೋಟೋ ಬದಲಾಗುತ್ತದೆ.

"ಬೆಣ್ಣಿಗೆ ಒಂದು ಗಂಡು ನೋಡಬೇಕು" ಎಂದ, ಊಟಕ್ಕೆ ಕುಳಿತಾಗ.

ಚಂದ್ರಕಲಾ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಅದಕ್ಕೇನು ಅವಸರ? ಅದು ಕೇಳೈತೇನು ನಿಮ್ಮನ್ನ?"

"ವಯಸ್ಸಿಗೆ ಬಂದ ಮನ್ಯಾಗಿನ ಹೆಣ್ಣು ಬಾಯಿಬಿಟ್ಟು ಕೇಳ್ತೈತೇನು? ತಂದಿ ಆದವರು ತಿಳ್ಕೋಬೇಕು."

"ಹಾಲೇಶಗ ಒಂದು ಮಾತು ಕೇಳ್ರಿ. ಅವರಿಗೆ ಗೊತ್ತಿರ್ತೈತಿ."

ಈ ಮಾತು ಆಡಬಾರದಿತ್ತು. ಗಂಡ ಕೇಳುವವನಲ್ಲವೆಂದು ಚಂದ್ರಕಲಾ ತಾನೇ ತಂಗಿಗೆ ಹೇಳಿ, ತಂಗಿ ಗಂಡನಿಗೆ ಹೇಳಿ, ಹಾಲೇಶನೇ ಫೋನ್ ಮಾಡಿದ.

"ಅಣ್ಣಾ, ಒಂದು ಮಾತು. ಬೆಣ್ಣಿ ನಾಲ್ಕು ಕೆಜಿನೂ ಇಲ್ಲ. ಮೊದ್ಲು ಒಮ್ಮಿ ಡಾಕ್ಟರಿಗೆ ತೋರಿಸ್ರಿ, ಹೆರಿಗಿ ತಡ್ಕೊಳ್ಳೋ ಮೈ ಹೌದೋ ಅಲ್ಲೋ ಅಂತ. ಆಮ್ಯಾಲ, ಗಂಡು ಅದಕ್ಕಿಂತ ಸಣ್ಣದಿರಬೇಕು. ದೊಡ್ಡದಾತಂದ್ರ ಮರಿ ದೊಡ್ಡವಾಗಿ ತಾಯಿಗೆ ತ್ರಾಸಾಗ್ತೈತಿ."

ವಿರೂಪಾಕ್ಷಪ್ಪ ಫೋನಿನ ಬಾಯಿ ಮುಚ್ಚಿ ಹೆಂಡತಿಗೆ ಪಿಸುಗುಟ್ಟಿದ: "ನೋಡಿದ್ಯಾ? ನಮ್ಮ ಮನ್ಯಾಗ ದೊಡ್ಡ ಮರಿ ಹುಟ್ತಾವಂತ ಅವನಿಗೆ ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚಿನವನಿಗೆ ಊರೆಲ್ಲ ಹೊಟ್ಟೆಕಿಚ್ಚಿನವರಾಗಿ ಕಾಣುವುದು ಒಂದು ಕಾಯಿಲೆ. ಅದಕ್ಕೆ ಗೊಬ್ಬರದಂಗಡಿಯಲ್ಲಿ ಔಷಧಿ ಸಿಗುವುದಿಲ್ಲ. ಸಣ್ಣ ಗಂಡು ಎಂದು ಹಾಲೇಶ ಹೇಳಿದ ಒಂದೇ ಕಾರಣಕ್ಕೆ ವಿರೂಪಾಕ್ಷಪ್ಪ ದೊಡ್ಡ ಗಂಡನ್ನು ಹುಡುಕಲು ಹೊರಟ. ಹಂಪಿಯ ದಾರಿಯ ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ಹನುಮಣ್ಣನ ಹತ್ತಿರ ಟೈಗರ್ ಎಂಬ ಬಿಳಿ ನಾಯಿ ಇತ್ತು. ಮೈತುಂಬ ಕೂದಲು. ಪಮೇರಿಯನ್ ಎಂದರೆ ಪಮೇರಿಯನ್, ಕುರಿ ಎಂದರೆ ಕುರಿ. ಪ್ರವಾಸಕ್ಕೆ ಬಂದ ಯಾರೋ ಬಿಟ್ಟುಹೋದದ್ದು, ಅದರ ತಾತ ಯಾವ ದೇಶದವನೋ ಹಂಪಿಯ ವಿರೂಪಾಕ್ಷನಿಗೇ ಗೊತ್ತು.

"ನಿಮ್ಮ ಹುಡುಗಿ ಎಷ್ಟರ ತನಕ ಓದೈತ್ರಿ?" ಎಂದು ಹನುಮಣ್ಣ ಕೇಳಿದ.

"ತಮಾಷಿ ಬ್ಯಾಡ ಹನುಮಣ್ಣ. ನಮ್ಮಲ್ಲಿ ಪದ್ಧತಿ ಪ್ರಕಾರ ಆಗಬೇಕು. ಗಂಡು ಹೆಣ್ಣಿನ ಮನಿಗೆ ಬರಬೇಕು."

"ನಾಯಿಗುಳಾಗ ಹೆಣ್ಣೇ ಗಂಡಿನ ಮನಿಗೆ ಬರೋದ್ರಿ. ಗಂಡು ಹೊಸ ಜಾಗಕ್ಕ ಹೋದ್ರ ಗಾಬರಿ ಆಗ್ತೈತಿ."

"ನಾವು ಹೆಣ್ಣು ಹೊತ್ಕೊಂಡು ಗಂಡಿನ ಬಾಗಿಲಿಗೆ ಬರೋ ಪೈಕಿ ಅಲ್ಲ."

ಸರಿ, ಟೈಗರ್ ಆಟೋದಲ್ಲಿ ಕಂಪ್ಲಿಗೆ ಬಂತು. ಪಕ್ಕದ ಮನೆಯ ಹಂಪಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವರ ಆರತಿಯ ಜ್ವಾಲೆ ನೋಡಿದ್ದೇ ಹಂಪಕ್ಕನ ಕಾಲಡಿಯಿಂದ ನುಸುಳಿ ಮಂಚದ ಕೆಳಗೆ ಸೇರಿಕೊಂಡು, ಕತ್ತಲಾಗುವ ತನಕ ಹೊರಗೆ ಬರಲಿಲ್ಲ. ಬೆಣ್ಣಿ ಮಂಚದ ಮೇಲೆ ಕುಳಿತು ಬಗ್ಗಿ ಬಗ್ಗಿ ನೋಡಿ ನಿದ್ದೆ ಹೋಯಿತು.

"ಹಿಂಗ ನಾಚೋ ಗಂಡು ನಾ ಕಂಡಿದ್ದಿಲ್ಲವ್ವ" ಎಂದಳು ಹಂಪಕ್ಕ.

ಮರುದಿನ ವಿರೂಪಾಕ್ಷಪ್ಪ ಮಾನ ಬಿಟ್ಟು ಬೆಣ್ಣಿಯನ್ನು ತಾನೇ ಹೊತ್ತುಕೊಂಡು ಕಡ್ಡಿರಾಂಪುರಕ್ಕೆ ಹೋದ. ಉಳಿದದ್ದನ್ನು ಅವರಿಬ್ಬರು ಮನುಷ್ಯರ ನೆರವಿಲ್ಲದೆ ಮುಗಿಸಿಕೊಂಡರು.

ತಿಂಗಳು ಕಳೆಯುವುದರಲ್ಲಿ ಬೆಣ್ಣಿಯ ಹೊಟ್ಟೆ ದುಂಡಗಾಗತೊಡಗಿತು. ವಿರೂಪಾಕ್ಷಪ್ಪ ಕುಬುಸದ ಮಾತು ತೆಗೆದ. ಬಸುರಿಗೆ ಹಸಿರು ಕುಬುಸ ತೊಡಿಸಿ ಬಯಕೆ ಉಣಿಸುವ ಶಾಸ್ತ್ರವನ್ನು ರೂಬಿಗೆ ಯಾರೂ ಮಾಡಿರಲಿಲ್ಲ. ಅಲ್ಲಿ ಹಾಲೇಶನನ್ನು ಹಿಂದೆ ಹಾಕಬಹುದು. ಅತ್ತೆಗೆ ಫೋನ್ ಮಾಡಿದ.

"ಮಾಡಾಣಂತ ಬಿಡ್ರಿ ಅಳಿಯಂದ್ರ" ಎಂದಳು ಎರ್ರಮ್ಮ. "ನಾನೂ ಬರ್ತೀನಿ. ಕುಬುಸ ಮುಗಿಸ್ಕೊಂಡು ಬೆಣ್ಣಿನ ಹೊಸಪೇಟಿಗೆ ಕರ್ಕೊಂಡು ಹೋಗಾಣ."

"ಹೊಸಪೇಟಿಗೆ ಯಾಕ್ರಿ?"

"ಚೊಚ್ಚಲ ಹೆರಿಗಿ ತವರುಮನ್ಯಾಗ ಆಗಬೇಕಲ್ಲ? ಬೆಣ್ಣಿ ಹುಟ್ಟಿದ್ದು ಹಾಲೇಶನ ಮನ್ಯಾಗ. ಹಡದ ತಾಯಿನೂ ಅಲ್ಲೇ ಐತಿ."

ವಿರೂಪಾಕ್ಷಪ್ಪನಿಗೆ ಕಾಲ ಕೆಳಗಿನ ಕಂಪ್ಲಿ ಕುಸಿದಂತಾಯಿತು. "ಅದು ಮನುಷ್ಯರ ಪದ್ಧತಿ ಅಲ್ರಿ ಅತ್ತಿ?"

"ಕುಬುಸಕ್ಕ ಮನುಷ್ಯರ ಪದ್ಧತಿ ಬೇಕು, ಹೆರಿಗಿಗೆ ಬ್ಯಾಡೇನು?"

ಹೀಗೆ ಅವನು ತೋಡಿದ ಕಾಲುವೆಯ ನೀರೆಲ್ಲ ಹಾಲೇಶನ ಗದ್ದೆಗೆ ಹರಿಯುವ ಹಾಗಾಯಿತು.

ನಾಯಿಯ ಬಸುರಿನ ಎರಡು ತಿಂಗಳು ತುಂಬಲು ವಾರವಿರುವಾಗ, ಚಂದ್ರಕಲಾಳ ಕಾಟ ತಡೆಯದೆ ಬೆಣ್ಣಿಯನ್ನು ಹೊಸಪೇಟೆಯ ಡಾಕ್ಟರ್ ಪಂಪಾವತಿಯವರ ಹತ್ತಿರ ಒಯ್ದ. ಒಬ್ಬನೇ ಹೋದ. ಹೆಂಡತಿ ಬಂದರೆ ತಂಗಿಯ ಮನೆಗೆ ಹೋಗೋಣ ಎನ್ನುತ್ತಾಳೆ. ಡಾಕ್ಟರು ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ನೋಡಿ, ಇವನನ್ನು ನೋಡಿದರು.

"ತಂದಿ ನಾಯಿ ಎಷ್ಟು ದೊಡ್ಡದೈತಿ?"

ವಿರೂಪಾಕ್ಷಪ್ಪ ಹೆಮ್ಮೆಯಿಂದ ಎರಡೂ ಕೈ ಅಗಲಿಸಿದ. ಡಾಕ್ಟರ ಮುಖ ನೋಡಿ ಸ್ವಲ್ಪ ಹತ್ತಿರ ತಂದ. ಆಮೇಲೆ ಇನ್ನಷ್ಟು ಹತ್ತಿರ ತಂದ.

"ಯಾವುದು ಖರೆ?"

"ಮೊದಲಿಂದು ರೀ."

"ಒಂದೇ ಮರಿ ಐತಿ" ಎಂದರು ಡಾಕ್ಟರು. "ಒಂಟಿ ಮರಿ, ಹೊಟ್ಟಿ ತುಂಬ ಬೆಳದೈತಿ. ತಾಯಿ ನೋಡಿದ್ರ ಹಿಡಿಯಷ್ಟೈತಿ. ತಾನಾಗಿ ಹೆರೋದು ಕಷ್ಟ. ಆಪರೇಷನ್ ಬೇಕಾಗಬಹುದು."

"ಅದರ ಹಿಂದ ಇನ್ನೊಂದು ಅಡಗಿರಬಹುದೇನ್ರಿ?"

"ಇಲ್ಲ."

"ಬ್ಯಾರೆ ಕಡಿಯಿಂದ ಇನ್ನೊಂದು ಫೋಟೋ ತಗದ್ರ?"

"ಹತ್ತು ಫೋಟೋ ತಗದ್ರೂ ಒಂದೇ. ಕೇಳ್ರಿಲ್ಲಿ. ಇನ್ನ ಮ್ಯಾಲ ಸಿಹಿ, ಎಣ್ಣಿ ಪದಾರ್ಥ ಕೊಡಬ್ಯಾಡ್ರಿ. ದಿನಾ ಮೈ ಬಿಸಿ ನೋಡ್ರಿ, ಇಳೀತಂದ್ರ ಹೆರಿಗಿ ಹತ್ರ ಬಂತು ಅಂತ. ಬ್ಯಾನಿ ಬಂದು ಮುಕ್ಕಾಕ ಹತ್ತಿ ಅರ್ಧ ತಾಸಿಗೆ ಮರಿ ಬರಲಿಲ್ಲಂದ್ರ ಕಾಯಬ್ಯಾಡ್ರಿ, ಹೊತ್ಕೊಂಡು ಬರ್ರಿ. ಇಲ್ಲೇ ಹೊಸಪೇಟ್ಯಾಗ ಯಾರರ ಇದ್ರ ಅವರ ಮನ್ಯಾಗ ಇರ್ರಿ. ಯಾರರ ಅದಾರೇನು?"

"ಯಾರೂ ಇಲ್ರಿ" ಎಂದ ವಿರೂಪಾಕ್ಷಪ್ಪ. ಶಾಸ್ತ್ರವೂ ವಿಜ್ಞಾನವೂ ಕೂಡಿಕೊಂಡು ಹಾಲೇಶನ ಪಕ್ಷ ಸೇರಿದ್ದವು.

ಬಸ್ಸಿನಲ್ಲಿ ಬೆಣ್ಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಒಂದೇ ಯೋಚನೆ. ರೂಬಿಗೆ ನಾಲ್ಕು, ತನ್ನದಕ್ಕೆ ಒಂದು. ಒಂದು ಎಂಬ ಸಂಖ್ಯೆ ಇಷ್ಟು ಸಣ್ಣದೆಂದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ.

ಬಾಗಿಲಲ್ಲೇ ಚಂದ್ರಕಲಾ ಕೇಳಿದಳು, "ಎಷ್ಟು ಅದಾವಂತ್ರಿ?"

"ಎಣಿಸಾಕ ಆಗ್ಲಿಲ್ಲಂತ."

ಕಾಲ ತಳ್ಳಲೆಂದು ಬಾಯಿಗೆ ಬಂದದ್ದನ್ನು ಆಡಿದ್ದ. ಆದರೆ ಕಾಂಪೌಂಡಿನ ಆಚೆ ಬಟ್ಟೆ ಹಿಂಡುತ್ತಿದ್ದ ಹಂಪಕ್ಕ ನೆಟ್ಟಗಾದಳು. "ಏನವ್ವಾ, ಎಣಿಸಾಕ ಆಗದಷ್ಟು?" ಕಂಪ್ಲಿಯಲ್ಲಿ ಮಾತು ಕಾಲುವೆಯ ನೀರಿಗಿಂತ ಬೇಗ ಕೊನೆಯ ಗದ್ದೆ ಮುಟ್ಟುತ್ತದೆ. ಸಂಜೆಯ ಹೊತ್ತಿಗೆ, ಡಾಕ್ಟರು ಎಣಿಸಿ ಎಣಿಸಿ ಸುಸ್ತಾಗಿ ಬಿಟ್ಟರು ಎಂದಾಯಿತು. ರಾತ್ರಿ ಊಟದ ಹೊತ್ತಿಗೆ ವಾಟ್ಸಾಪಿನಲ್ಲಿ ಹಾಲೇಶನ ಸಂದೇಶ ಬಂತು: ‘ಅಣ್ಣಾ, ಭಾರಿ ಆತು ಬಿಡ್ರಿ. ನಮ್ದು ನಾಲ್ಕು ಏನೂ ಅಲ್ಲ.’ ವಿರೂಪಾಕ್ಷಪ್ಪ ಅದನ್ನು ಮತ್ತೆ ಮತ್ತೆ ಓದಿದ. ಓದಿದಷ್ಟೂ, ಸುಳ್ಳು ನಿಧಾನಕ್ಕೆ ನಿಜವೇ ಇರಬಹುದೆನ್ನಿಸತೊಡಗಿತು.

ಮರುದಿನದಿಂದ ಅಂಗಡಿಗೆ ಗೊಬ್ಬರ ಕೇಳುವವರಿಗಿಂತ ಮರಿ ಕೇಳುವವರೇ ಹೆಚ್ಚಾದರು.

"ನನಗೊಂದು ಗಂಡು" ಎಂದ ರೈಸ್‌ಮಿಲ್ ಹುಸೇನಪ್ಪ. "ಮಿಲ್ ಕಾಯಾಕ."

"ಪಮೇರಿಯನ್ ಮಿಲ್ ಕಾಯ್ತೈತೇನಪಾ?"

"ಒದರಿದ್ರ ಸಾಕು, ಇಲಿಗೆ ಜಾತಿ ಗೊತ್ತಾಗಂಗಿಲ್ಲ."

ಬ್ಯಾಂಕಿನ ಮ್ಯಾನೇಜರು ಬೆಂಗಳೂರು ಕಡೆಯವರು, ಬಹಳ ಮೆದು ಮಾತಿನವರು. "ನಮ್ಮ ಮಗಳು ಹೆಸರೂ ಇಟ್ಟುಬಿಟ್ಟಿದ್ದಾಳೆ ವಿರೂಪಾಕ್ಷಪ್ಪನವರೇ" ಎಂದರು. ಹೆಸರಿಟ್ಟ ಮೇಲೆ ಇಲ್ಲವೆನ್ನುವುದು ಹೇಗೆ? ಕರೆಂಟ್ ಆಫೀಸಿನ ಲೈನ್‌ಮ್ಯಾನ್ ಕೇಳುವ ಮೊದಲೇ ಕಂಬ ಹತ್ತಿ, ವರ್ಷದಿಂದ ಮಿಣುಕುತ್ತಿದ್ದ ಬೀದಿದೀಪ ಸರಿಮಾಡಿ, ಇಳಿದು ಬಂದು, "ನಂದೊಂದು ಇರ್ಲಿ ಅಣ್ಣಾರ" ಎಂದ. ವಿರೂಪಾಕ್ಷಪ್ಪ ಯಾರಿಗೂ ಇಲ್ಲವೆನ್ನಲಿಲ್ಲ. ಎಲ್ಲರಿಗೂ ಕೊಟ್ಟ. ಬೆಣ್ಣಿಯ ಹೊಟ್ಟೆಯೊಳಗಿನ ಒಂದೇ ಒಂದು ಜೀವ ಅರ್ಧ ಕಂಪ್ಲಿಗೆ ಹಂಚಿಹೋಯಿತು.

ಕುಬುಸದ ದಿನ ಅಂಗಳದಲ್ಲಿ ಪೆಂಡಾಲು ಬಿತ್ತು. ಎರ್ರಮ್ಮ ಸಂಡೂರಿನಿಂದ ಹೊಸಪೇಟೆಗೆ ಬಂದು, ಅಲ್ಲಿಂದ ಹಾಲೇಶ-ಸ್ಫೂರ್ತಿಯರ ಕಾರಿನಲ್ಲಿ ಇಳಿದಳು. ಮರಿಗಳಿಗೆಂದು ಹಳೆಯ ಮೆತ್ತನೆಯ ಸೀರೆಗಳ ದೊಡ್ಡ ಗಂಟು ತಂದಿದ್ದಳು. ಮೂವತ್ತು ಮರಿ ಮಲಗಿಸಬಹುದಾಗಿತ್ತು. ಬ್ಯಾಂಕ್ ಮ್ಯಾನೇಜರು ಬಿದಿರಿನ ಬುಟ್ಟಿಯನ್ನೇ ತಂದಿದ್ದರು. "ಇವತ್ತೇ ಕೊಡಂಗಿಲ್ರಿ, ಅದು ಇನ್ನಾ ಹಡೀಬೇಕು" ಎಂದು ಹುಸೇನಪ್ಪ ಅವರಿಗೆ ತಿಳಿಹೇಳುತ್ತಿದ್ದ. ಬೆಣ್ಣಿಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಕುಬುಸದ ಹಸಿರು ಕಣ ಹೊದಿಸಿದರು. ಹೆಂಗಸರು ಆರತಿ ಹಾಡು ಹಾಡಿದರು. ಹಂಪಕ್ಕ ಶೇಂಗಾ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ಬೆಣ್ಣಿಯ ಬಾಯಿಗೆ ಹಿಡಿದಳು.

ಬೆಣ್ಣಿ ಮುಖ ತಿರುಗಿಸಿತು.

ತುಪ್ಪ ಮೂಸಿ ಮುಖ ತಿರುಗಿಸುವ ನಾಯಿ ಅದಲ್ಲ. ಕುರ್ಚಿಯಿಂದ ಜಾರಿ ಇಳಿದು, ಹಸಿರು ಕಣವನ್ನು ಎಳೆದುಕೊಂಡೇ ಪಡಸಾಲೆಯ ಮೂಲೆಗೆ ಹೋಗಿ ನೆಲ ಕೆರೆಯತೊಡಗಿತು. ನಾಲಿಗೆ ಹೊರಗೆ ಚಾಚಿ ಏದುಸಿರು ಬಿಟ್ಟಿತು. ಆಮೇಲೆ ಮೈ ಬಿಗಿಹಿಡಿದು ಮುಕ್ಕಿತು.

"ಬ್ಯಾನಿ ಬಂತು" ಎಂದಳು ಎರ್ರಮ್ಮ. ಸೆರಗು ಸಿಕ್ಕಿಸಿ ಅದರ ಹತ್ತಿರ ಕುಳಿತು, ಗಂಡಸರನ್ನೆಲ್ಲ ಬಾಗಿಲಾಚೆ ಅಟ್ಟಿದಳು. "ತವರಿಗೆ ಹೋಗಾಕ ಪುಣ್ಯ ಇರಲಿಲ್ಲ ಇದಕ್ಕ. ಇಲ್ಲೇ ಆಗ್ಲಿ."

ವಿರೂಪಾಕ್ಷಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಇಲ್ಲೇ ಆಗಲಿ. ಅವನು ಬೇಡಿದ್ದು ಇದನ್ನೇ. ಒಳಗೆ ಬೆಣ್ಣಿ ಮುಕ್ಕಿತು, ಬಿಟ್ಟಿತು, ಮತ್ತೆ ಮುಕ್ಕಿತು. ಅಂಗಳದಲ್ಲಿ ಹೆಂಗಸರು ಹಾಡು ನಿಲ್ಲಿಸಿ ಊಟಕ್ಕೆ ಕುಳಿತರು. ಹೋಳಿಗೆ ಬಡಿಸಿ ಆಯಿತು, ಅನ್ನ ಬಡಿಸಿ ಆಯಿತು. ಮರಿ ಬರಲಿಲ್ಲ.

"ಅತ್ತಿ, ಭಾಳ ಹೊತ್ತಾತಲ್ರಿ" ಎಂದ ಹಾಲೇಶ, ಬಾಗಿಲ ಹತ್ತಿರ ಬಂದು. "ರೂಬಿಗೆ ಇಷ್ಟು ತಡ ಆಗಿರಲಿಲ್ಲ. ಡಾಕ್ಟರಿಗೆ ತೋರಿಸಾಣ?"

"ರೂಬಿಗೆ ನಾಲ್ಕಪಾ. ಇದಕ್ಕ ಎಣಿಸಾಕ ಬರಲಾರದಷ್ಟು ಅದಾವಂತ ಡಾಕ್ಟರೇ ಅಂದಾರ. ಅಷ್ಟೂ ಪಾಳಿ ಹಚ್ಚಬೇಕಲ್ಲ? ಮೊದಲಿಂದು ದಾರಿ ಮಾಡ್ಕೊಂತು ಅಂದ್ರ ಉಳಿದವು ಸಾಲಾಗಿ ಬರ್ತಾವ. ಸುಮ್ಮನ ಕುಂದ್ರಿ."

ಹಾಲೇಶ ಹಿಂದಕ್ಕೆ ಸರಿದ. ಅನುಭವಸ್ಥೆಯ ಮಾತು. ಚಂದ್ರಕಲಾ ದೇವರ ಮುಂದೆ ಊದುಬತ್ತಿ ಹಚ್ಚಿದಳು. ಎಲ್ಲರೂ ಬಾರದ ಮರಿಗಳಿಗಾಗಿ ಕಾಯುತ್ತಿದ್ದರು. ಬರಬೇಕಾದದ್ದು ಒಂದೇ, ಅದು ಸಿಕ್ಕಿಬಿದ್ದಿದೆ ಎಂಬುದು ಆ ಇಡೀ ಪೆಂಡಾಲಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಅವನು ಅಂಗಳದ ಕಡೆ ನೋಡಿದ. ಬುಟ್ಟಿ ಹಿಡಿದ ಮ್ಯಾನೇಜರು ನಕ್ಕರು. ಹಾಲೇಶನ ಕಡೆ ನೋಡಿದ. ಬೋಳು ತಲೆಯ ಮೇಲೆ ಬೆವರು ಹನಿ ಸಾಲುಗಟ್ಟಿತ್ತು. ಇವನ ಮುಂದೆಯೇ ಹೇಳಬೇಕು. ಬೇರೆ ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು. ಒಳಗೆ ಬೆಣ್ಣಿ ತಲೆಯೆತ್ತಿ ಬಾಗಿಲಿನತ್ತ ನೋಡಿತು. ಎದ್ದು ಅವನ ಕಡೆ ಬರಲು ನೋಡಿ, ಆಗದೆ, ಗದ್ದವನ್ನು ನೆಲಕ್ಕೇ ಊರಿತು.

"ಒಂದೇ ಐತಿ" ಎಂದ ವಿರೂಪಾಕ್ಷಪ್ಪ.

"ಏನು ಒಂದು?" ಎಂದಳು ಎರ್ರಮ್ಮ.

"ಮರಿ. ಒಂದೇ ಐತ್ರಿ ಅತ್ತಿ. ಡಾಕ್ಟರ್ ಎಣಿಸಿದ್ರು. ದೊಡ್ಡದೈತಂತ. ಅರ್ಧ ತಾಸಿನ ಮ್ಯಾಲ ಕಾಯಬ್ಯಾಡ್ರಿ, ಆಪರೇಷನ್ ಆಗಬೇಕು ಅಂದಿದ್ರು."

ಪೆಂಡಾಲಿನಲ್ಲಿ ಸಾರು ಬಡಿಸುತ್ತಿದ್ದವನ ಸೌಟು ಅಲ್ಲೇ ನಿಂತಿತು.

"ಒಂದು ಎಣಿಸಾಕ ಬರಲಿಲ್ಲೇನಪಾ ನಿನಗ?" ಎಂದಳು ಹಂಪಕ್ಕ.

ಎರ್ರಮ್ಮ ಬೆಣ್ಣಿಯ ಮೈಮೇಲಿನ ಕೈ ತೆಗೆದು ಅಳಿಯನನ್ನು ನೋಡಿದಳು. ಹೀಗೆ ಅವಳು ಅವನನ್ನು ಮದುವೆಯ ದಿನವೂ ನೋಡಿರಲಿಲ್ಲ. "ನಾ ಇಷ್ಟೊತ್ತು ಸುಮ್ನಿರ್ರಿ, ಸುಮ್ನಿರ್ರಿ ಅನ್ನಾಕತ್ತೀನಿ. ನೀವು ಕೇಳ್ಕೊಂತ ನಿಂತೀರಲ್ಲ."

ಹಾಲೇಶ ಮಾತ್ರ ಜೇಬಿನಿಂದ ಕಾರಿನ ಕೀಲಿ ತೆಗೆದು, "ಅಣ್ಣಾ, ಎತ್ಕೊಳ್ರಿ" ಎಂದ.

ಅಲ್ಲಿಯ ತನಕ ವಿರೂಪಾಕ್ಷಪ್ಪ ಆ ಕಾರಿನಲ್ಲಿ ಕುಳಿತವನಲ್ಲ. ಕರೆದಾಗಲೆಲ್ಲ, ಏ.ಸಿ. ತನಗೆ ಆಗಿಬರುವುದಿಲ್ಲ, ಬಸ್ಸೇ ವಾಸಿ ಎನ್ನುತ್ತಿದ್ದ. ಇಂದು ಹಿಂದಿನ ಸೀಟಿನಲ್ಲಿ ಬೆಣ್ಣಿಯನ್ನು ಎದೆಗೊತ್ತಿಕೊಂಡು ಕುಳಿತ. ಸೀಟು ಬಹಳ ಮೆತ್ತಗಿದೆ ಎಂದು ಆ ಹೊತ್ತಿನಲ್ಲೂ ಅವನ ಹಾಳು ಮನಸ್ಸು ಗುರುತಿಸಿತು. ಕಬ್ಬಿನ ಹಂಗಾಮು, ಬುಕ್ಕಸಾಗರದ ಹತ್ತಿರ ಟ್ರ್ಯಾಕ್ಟರುಗಳು ರಸ್ತೆ ತುಂಬಿದ್ದವು. ಹಾಲೇಶ ಹಾರ್ನ್ ಒತ್ತಿದ್ದೇ ಒತ್ತಿದ್ದು. ಅಷ್ಟರಲ್ಲಿ ಒಂದು ಬೈಕು ಹಿಂದಿನಿಂದ ಬಂದು ಮುಂದೆ ನುಗ್ಗಿತು. ಕರೆಂಟ್ ಆಫೀಸಿನ ಲೈನ್‌ಮ್ಯಾನ್! ಮರಿ ತನಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಬಂದಿದ್ದ. ಟ್ರ್ಯಾಕ್ಟರಿನವರಿಗೆ ಕೈಬೀಸುತ್ತ, "ಏ, ಬಾಜೂಕ ತಗಿಯಲೇ, ಹೆರಿಗಿ ಕೇಸೈತಿ" ಎಂದು ಕೂಗುತ್ತ ಕಮಲಾಪುರದ ತನಕ ದಾರಿ ಬಿಡಿಸಿದ. ಟ್ರ್ಯಾಕ್ಟರಿನವರು ಬದಿಗೆ ಸರಿದು, ಕಾರಿನೊಳಗೆ ಬಗ್ಗಿ ನೋಡಿ, ಹೆರಿಗೆಯಾಗಬೇಕಾದವನು ಈ ಮೀಸೆಯ ಮನುಷ್ಯನೇ ಎಂದು ಬೆರಗಾದರು.

"ಅರ್ಧ ತಾಸು ಅಂದಿದ್ದೆ ನಾನು" ಎಂದರು ಡಾಕ್ಟರ್ ಪಂಪಾವತಿ, ಕೈಗೆ ಗ್ಲೌಸ್ ಏರಿಸುತ್ತ. ಬೆಣ್ಣಿಯ ವಸಡು ಒತ್ತಿ ನೋಡಿದರು, ಬಿಳಿಚಿಕೊಂಡಿತ್ತು. "ಹೊಟ್ಟಿ ತಗದಾಗ ಗರ್ಭಚೀಲನೂ ತಗದುಬಿಡೋದು ಚಲೋ. ಇದರ ಮೈಗೆ ಇನ್ನೊಂದು ಬಸುರು ಆಗಂಗಿಲ್ಲ. ಆದ್ರ ಮುಂದ ಮರಿ ಹಾಕಂಗಿಲ್ಲ. ಏನಂತೀರಿ?"

ಪಕ್ಕದಲ್ಲಿ ನಾಲ್ಕು ಮರಿಯ ಒಡೆಯ ನಿಂತಿದ್ದ. ವಿರೂಪಾಕ್ಷಪ್ಪ ಅವನ ಕಡೆ ತಿರುಗಲಿಲ್ಲ. "ತಗೀರಿ. ಅದು ಉಳಿದ್ರ ಸಾಕು."

ಬಾಗಿಲು ಮುಚ್ಚಿತು. ಇಬ್ಬರು ಷಡ್ಡಕರು ಬೆಂಚಿನ ಮೇಲೆ ಕುಳಿತರು. ಹಾಲೇಶ ಸಮಾಧಾನ ಹೇಳಲು ಬಾಯಿ ತೆಗೆದಾಗಲೆಲ್ಲ ವಿರೂಪಾಕ್ಷಪ್ಪ, "ಸುಮ್ನಿರಪಾ" ಎಂದ. ಸ್ವಲ್ಪ ಹೊತ್ತಿಗೆ ಒಳಗಿನ ನರ್ಸ್ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಓಡಿಬಂದು, ನೋಡಲು ತಿಳಿದವನ ಹಾಗೆ ಕಂಡ ಹಾಲೇಶನ ಕೈಗೆ ತುರುಕಿದಳು.

"ಉಸಿರು ಹತ್ತವಲ್ದು. ಒಳಗ ತಾಯಿದೂ ನೋಡಬೇಕು. ಬೆನ್ನು ಜೋರಾಗಿ ತಿಕ್ರಿ, ಬಿಡಬ್ಯಾಡ್ರಿ."

ಹಾಲೇಶ ಟವೆಲು ಬಿಚ್ಚಿ ನೋಡಿದ. ಹೆಗ್ಗಣದಷ್ಟು ದೊಡ್ಡ ಮರಿ, ಒದ್ದೆ, ತಣ್ಣಗೆ, ಅಲುಗದೆ ಬಿದ್ದಿತ್ತು. "ಅಣ್ಣಾ, ನನಗ ಗೊತ್ತಿಲ್ರಿ. ರೂಬಿ ಎಲ್ಲಾ ತಾನ ಮಾಡ್ಕೊಂಡಿತ್ತು. ನಾನು ಬರೇ ಫೋಟೋ ತಗದಿದ್ದೆ."

ಬೇರೆ ದಿನವಾಗಿದ್ದರೆ ಈ ಮಾತನ್ನು ವಿರೂಪಾಕ್ಷಪ್ಪ ವರ್ಷಗಟ್ಟಲೆ ಚಪ್ಪರಿಸುತ್ತಿದ್ದ. ಈಗ ಮರಿಯನ್ನು ಕಸಿದುಕೊಂಡು ತೊಡೆಯ ಮೇಲೆ ಬೋರಲು ಹಾಕಿ ತಿಕ್ಕತೊಡಗಿದ. ಟವೆಲು ಒದ್ದೆಯಾಯಿತು, ಅಂಗಿಯ ಚುಂಗಿನಿಂದ ತಿಕ್ಕಿದ. ತಿಕ್ಕುತ್ತ ಬೈದ. "ಏಳಲೇ. ಅರ್ಧ ಊರು ನಿನ್ನ ಕಾಯಾಕತ್ತೈತಿ. ಮ್ಯಾನೇಜರ್ ಬುಟ್ಟಿ ತಂದಾನ. ಒಬ್ಬನ ಬಂದೀಯಂತ ನಾಚಿಕಿ ಬ್ಯಾಡಲೇ, ಒಬ್ಬನ ಸಾಕು. ಏಳು." ಕುಬುಸಕ್ಕೆಂದು ತೊಟ್ಟ ಹೊಸ ಅಂಗಿ ಹೇಳಹೆಸರಿಲ್ಲದಂತಾಯಿತು. ತೋಳು ಸೋತಿತು. ಆಗ, ತುಕ್ಕು ಹಿಡಿದ ಕದದ ಹಾಗೆ, ಮರಿ ಕಿರ್ರೆಂದಿತು.

ಹಾಲೇಶ ಗೋಡೆಗೆ ಮುಖಮಾಡಿ ಅತ್ತ. ವಿರೂಪಾಕ್ಷಪ್ಪನಿಗೆ ಅಳಲು ಪುರಸೊತ್ತಿರಲಿಲ್ಲ. ಇನ್ನೂ ತಿಕ್ಕುತ್ತಿದ್ದ.

ಬೆಣ್ಣಿ ಉಳಿಯಿತು. ಹೊಲಿಗೆ ಬಿಚ್ಚುವ ತನಕ ಹೊಸಪೇಟೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದರು. ಹೀಗೆ ತವರುಮನೆಯ ಶಾಸ್ತ್ರ ತನ್ನ ದಾರಿ ತಾನು ನೋಡಿಕೊಂಡಿತು. ಆದರೆ ಬೆಣ್ಣಿಯ ಜೊತೆ ವಿರೂಪಾಕ್ಷಪ್ಪನೂ ಹಾಲೇಶನ ಪಡಸಾಲೆಯಲ್ಲಿ ಹಾಸಿಗೆ ಹಾಸಿದ. ಬೆಣ್ಣಿಗೆ ಹಾಲು ಇಳಿಯುವುದು ತಡವಾಯಿತು, ಮರಿಗೆ ಎರಡೆರಡು ತಾಸಿಗೆ ಇಂಕ್ ಫಿಲ್ಲರಿನಲ್ಲಿ ಹನಿಹನಿಯಾಗಿ ಹಾಲು ಹಾಕಬೇಕು, ಒದ್ದೆ ಬಟ್ಟೆಯಿಂದ ಒರೆಸಿ ಉಚ್ಚೆ ಹೊಯ್ಯಿಸಬೇಕು, ಮೈ ಬೆಚ್ಚಗಿಡಬೇಕು. ಅದನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಸ್ಫೂರ್ತಿ ಕೈಚಾಚಿದರೂ "ಸಾಬೂನು ಹಚ್ಚಿ ತೊಳಕೊಂಡೀಯೇನು" ಎಂದು ಗದರಿದ. ಅತ್ತ ಕಂಪ್ಲಿಯಲ್ಲಿ ಚಂದ್ರಕಲಾ ಅಂಗಡಿ ನಡೆಸುತ್ತ, ಮರಿ ಕೇಳಿಬಂದವರಿಗೆಲ್ಲ, "ಅವರು ಲೆಕ್ಕ ಕಲಿಯಾಕ ಹೊಸಪೇಟಿಗೆ ಹೋಗ್ಯಾರ" ಎನ್ನುತ್ತಿದ್ದಳು.

ಎರ್ರಮ್ಮ ಮೊದಮೊದಲು ಅಳಿಯನ ಜೊತೆ ಮಾತೇ ಆಡಲಿಲ್ಲ. ಅವನು ನಿದ್ದೆಗಣ್ಣಿನ ಮುಖವನ್ನು ನಲ್ಲಿಗೆ ಹಿಡಿದು ಎಚ್ಚರಾಗುವುದನ್ನು, ಮರಿಯನ್ನು ಅಂಗಿಯೊಳಗೆ ಎದೆಗೆ ಹಾಕಿಕೊಂಡು ಗೋಡೆಗೊರಗುವುದನ್ನು ನೋಡುತ್ತ ನೋಡುತ್ತ ಒಂದು ಬೆಳಗ್ಗೆ ಚಹಾದ ಮೊದಲ ಲೋಟವನ್ನು ತಂದು ಅವನ ಮುಂದಿಟ್ಟಳು. "ಕುಡೀರಿ ಅಳಿಯಂದ್ರ. ಬಾಣಂತನ ಮಾಡೋ ಮೈ ದಣೀತೈತಿ."

ಆ ಮನೆಯಲ್ಲಿ ಎರ್ರಮ್ಮನ ಕೈಯ ಮೊದಲ ಲೋಟ ಯಾವಾಗಲೂ ಹಾಲೇಶನದು. ಆಫೀಸಿಗೆ ಹೊರಡಲು ಶೂ ಹಾಕುತ್ತಿದ್ದ ಹಾಲೇಶ ತಲೆಯೆತ್ತಿದ. ಲೋಟ ತನ್ನನ್ನು ದಾಟಿ ಹೋದದ್ದನ್ನು ನೋಡಿದ. ಶೂ ದಾರವನ್ನು ಬಹಳ ಹೊತ್ತು ಕಟ್ಟಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಗೆ ಮೆತ್ತಗೆ ಅಂದ, "ಅಲ್ಲ, ರೂಬಿಗೂ ಇನ್ನೊಂದ್ಸಲ ಮಾಡಿಸಿದ್ರ ಹೆಂಗ? ಈ ಸಲ ನಾನ ಎಲ್ಲಾ ನೋಡ್ಕೊಂತೀನಿ."

ವಿರೂಪಾಕ್ಷಪ್ಪ ಗೋಡೆಯ ಹತ್ತಿರ ಕುಳಿತಲ್ಲಿಂದಲೇ ಕೇಳಿಸಿಕೊಂಡ. ಈ ದನಿ ಅವನಿಗೆ ಚೆನ್ನಾಗಿ ಪರಿಚಯ. ವರ್ಷಗಳಿಂದ ತನ್ನೊಳಗೇ ಕೇಳಿದ್ದ. ಮಂಚದ ಕೆಳಗೆ, ಮುಖದ ಮೇಲೆ ನರೆ ಇಳಿದ ರೂಬಿ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು.

ಒಂದು ಕೈಯಿಂದ ಮರಿಯನ್ನು ಎದೆಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಲೋಟ ಎತ್ತಿಕೊಂಡು, ಎದ್ದು ಹೋಗಿ ಹಾಲೇಶನ ಮುಂದೆ ಹಿಡಿದ.

"ರೂಬಿಗೆ ವಯಸ್ಸಾತು, ಅದರ ತಂಟಿಗೆ ಹೋಗಬ್ಯಾಡ. ತಗೋ, ಚಾ ನೀನ ಕುಡಿ."

"ಬ್ಯಾಡ್ರಿ ಅಣ್ಣಾ, ಅತ್ತಿ ನಿಮಗ ಕೊಟ್ಟಾರ."

"ಕುಡಿಯಪಾ ಅಂದ್ರ."

ಹಾಲೇಶ ಲೋಟ ಇಸಿದುಕೊಂಡು ಕುಡಿದ. ವಿರೂಪಾಕ್ಷಪ್ಪನ ಕಣ್ಣು ಮಾತ್ರ, ಕೊನೆಯ ಗುಟುಕು ಇಳಿಯುವ ತನಕ, ಆ ಲೋಟವನ್ನು ಬಿಟ್ಟು ಕದಲಲಿಲ್ಲ.